ಒಂದು ಕಾಗದ, ಒಂದು ಕರ್ಮಣಿ ಪ್ರಯೋಗ

ಕನ್ನಡ ಶಾಲೆಯಲ್ಲಿ ವ್ಯಾಕರಣ ಓದಿದವರಿಗೆಲ್ಲ ರಾವಣನು ಎರಡು ಸಲ ಸತ್ತದ್ದು ನೆನಪಿರಬೇಕು. ಒಮ್ಮೆ ರಾಮನು ರಾವಣನನ್ನು ಕೊಂದನು. ಇನ್ನೊಮ್ಮೆ ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಮೊದಲನೆಯದು ಕರ್ತರಿ, ಎರಡನೆಯದು ಕರ್ಮಣಿ. ನಮ್ಮ ಪಂಡಿತರು ಈ ಎರಡನೆಯ ವಾಕ್ಯವನ್ನು ಹಲಗೆಯ ಮೇಲೆ ಬರೆಸಿ, "ಪರೀಕ್ಷೆಗೆ ಇದು ಬೇಕು. ಮನೆಯಲ್ಲಿ ಯಾರಾದರೂ ಹೀಗೆ ಮಾತನಾಡಿದರೆ ಮಾತ್ರ ವೈದ್ಯರಿಗೆ ಹೇಳಿಕಳುಹಿಸಿ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. 'ಅನ್ನವು ನನ್ನಿಂದ ಉಣ್ಣಲ್ಪಟ್ಟಿತು' ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮತ್ತೂ ನಗುತ್ತಿದ್ದೆವು. ಕರ್ಮಣಿ ಪ್ರಯೋಗವೆಂದರೆ ಪರೀಕ್ಷೆಯ ಒಂದು ಕಸರತ್ತು, ಅದರಿಂದ ಯಾರ ಬದುಕಿಗೂ ಲಾಭವಿಲ್ಲ, ನಷ್ಟವಿಲ್ಲ ಎಂಬ ತಿಳಿವಳಿಕೆಯಲ್ಲಿಯೇ ನಾನು ಬೆಳೆದೆ. ಅದು ತಪ್ಪೆಂದು ನನಗೆ ತೋರಿಸಿಕೊಟ್ಟದ್ದು ಫ್ರೆಂಚ್ ಭಾಷೆ. ಸರಿಯಾಗಿ ಹೇಳಬೇಕೆಂದರೆ, ಫ್ರೆಂಚ್ ಭಾಷೆಯಲ್ಲಿ ಬಂದ ಒಂದು ಕಾಗದ. ಇಂದು ಆ ಕಾಗದದ ಕಥೆಯನ್ನೂ ಅದರ ನೆಪದಲ್ಲಿ ಆ ಭಾಷೆಯ ಕರ್ಮಣಿಯ ಕಥೆಯನ್ನೂ ತಮ್ಮ ಮುಂದೆ ಇಡಬೇಕೆಂದಿದ್ದೇನೆ.

1973ರಲ್ಲಿ ನಾನು ಪಾಂಡಿಚೇರಿಗೆ ಹೋದೆ. ಇಂದಿನ ಪುದುಚೇರಿ. ನಮ್ಮ ಊರ ಕಡೆಯವರೊಬ್ಬರು ಅಲ್ಲಿ ಹೋಟೆಲು ಇಟ್ಟಿದ್ದರು. ಅವರಲ್ಲಿ ಲೆಕ್ಕ ಬರೆಯುವ ಕೆಲಸ. ಫ್ರೆಂಚರ ಆಡಳಿತ 1954ರ ನವೆಂಬರಿನಲ್ಲಿಯೇ ಕೊನೆಗೊಂಡಿತ್ತು. ಕಾನೂನಿನ ದೃಷ್ಟಿಯಿಂದ ಹಸ್ತಾಂತರ ಪೂರ್ಣವಾದದ್ದು 1962ರಲ್ಲಿ. ಆದರೂ ಊರಿನಲ್ಲಿ ಫ್ರೆಂಚ್ ಪೂರ್ತಿಯಾಗಿ ಆರಿಹೋಗಿರಲಿಲ್ಲ. ಫ್ರೆಂಚ್ ಸೈನ್ಯದಲ್ಲಿ ದುಡಿದು ನಿವೃತ್ತರಾದವರು, ಅವರ ವಿಧವೆಯರು, ಫ್ರಾನ್ಸಿನಿಂದ ಬರುವ ಪಿಂಚಣಿಯ ಮೇಲೆ ಬದುಕುವವರು ಅನೇಕರಿದ್ದರು. ಅಂಥವರನ್ನು ಊರಿನವರು 'ಸೋಲ್ದಾ' ಎಂದು ಕರೆಯುತ್ತಿದ್ದರು. ಸಿಪಾಯಿ ಎಂಬುದಕ್ಕೆ ಫ್ರೆಂಚಿನಲ್ಲಿರುವ ಶಬ್ದವೇ ಅದು. ಸಂಜೆಯ ಹೊತ್ತು ನನಗೆ ಬಿಡುವಿರುತ್ತಿತ್ತು. ಫ್ರೆಂಚರ ಕಾಲದ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಒಬ್ಬ ತಮಿಳು ವೃದ್ಧರು ತಮ್ಮ ಮನೆಯ ಜಗಲಿಯಲ್ಲಿ ನಾಲ್ಕಾರು ಮಂದಿಗೆ ಪಾಠ ಹೇಳುತ್ತಿದ್ದರು. ನಾನು ಅವರ ಶಿಷ್ಯನಾದೆ. ಅವರನ್ನು ಎಲ್ಲರೂ 'ಮೆಸ್ಯೂ' ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಫ್ರೆಂಚಿನ ಕರ್ಮಣಿಯನ್ನು ಅವರು ಒಂದೇ ಸಂಜೆಯಲ್ಲಿ ಹೇಳಿ ಮುಗಿಸಿದರು. ಅದು ಅಷ್ಟು ಸುಲಭ. ಆ ಭಾಷೆಯಲ್ಲಿ ಕರ್ತರಿಯ ಕ್ರಿಯಾಪದಗಳು ಎಂಥೆಂಥ ವೇಷ ತೊಡುತ್ತವೆಂಬುದನ್ನು ಕಲಿತವರೇ ಬಲ್ಲರು. ಒಂದೊಂದು ಧಾತುವಿಗೂ ಪುಟಗಟ್ಟಲೆ ರೂಪಗಳು. ಕರ್ಮಣಿಯಲ್ಲಿ ಆ ಗೊಂದಲವೇ ಇಲ್ಲ. 'ಇರು' ಎಂಬರ್ಥದ ಧಾತು ಒಂದಿದೆ, 'ಎತ್ರ್' ಎಂದು. ಅದರ ಪಕ್ಕದಲ್ಲಿ, ನಡೆದ ಕ್ರಿಯೆಯ ಭೂತ ಕೃದಂತವನ್ನು ಇಟ್ಟರೆ ಕರ್ಮಣಿಯಾಯಿತು. ಕಾಲವನ್ನು ಹೊರುವುದು ಎತ್ರ್ ಒಂದೇ. ಕೃದಂತಕ್ಕೆ ಕಾಲದ ಚಿಂತೆಯಿಲ್ಲ. ಅದರ ಪಾಲಿಗೆ ಬಂದಿರುವುದು ಲಿಂಗ ಮತ್ತು ವಚನ.

ಕಾಗದವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕಾಗದಕ್ಕೆ ಫ್ರೆಂಚಿನಲ್ಲಿ 'ಲೆತ್ರ್', ಅದು ಸ್ತ್ರೀಲಿಂಗ. ಬರೆಯಲ್ಪಟ್ಟ ಎಂಬುದಕ್ಕೆ ಪುಲ್ಲಿಂಗದಲ್ಲಿ 'ಎಕ್ರಿ', ಸ್ತ್ರೀಲಿಂಗದಲ್ಲಿ 'ಎಕ್ರೀತ್'. ಈ ಉಚ್ಚಾರಗಳು ನಮ್ಮ ಲಿಪಿಗೆ ಹತ್ತಿರ ಹತ್ತಿರ ಬರುತ್ತವೆಯೇ ಹೊರತು ಪೂರ್ತಿಯಾಗಿ ಸಿಕ್ಕುವುದಿಲ್ಲ, ಕೇಳುವವರು ಕ್ಷಮಿಸಬೇಕು. 'ಲಾ ಲೆತ್ರ್ ಎ ಎಕ್ರೀತ್' ಎಂದರೆ ಕಾಗದವು ಬರೆಯಲ್ಪಡುತ್ತದೆ, ಅಥವಾ ಬರೆದಿದೆ. ಇನ್ನು ಎಕ್ರೀತ್ ಎಂಬುದನ್ನು ಅಲುಗಾಡಿಸದೆ, ಮುಂದಿರುವ ಸಣ್ಣ ಮಾತನ್ನು ಮಾತ್ರ ಬದಲಾಯಿಸುತ್ತ ಹೋಗಿ. 'ಎತೆ ಎಕ್ರೀತ್': ಬರೆಯಲಾಗುತ್ತಿತ್ತು, ಇಲ್ಲವೆ ಬರೆದಿತ್ತು. 'ಆ ಎತೇ ಎಕ್ರೀತ್': ಬರೆಯಲಾಗಿದೆ. 'ಆವೆ ಎತೇ ಎಕ್ರೀತ್': ಅದಕ್ಕೂ ಮೊದಲೇ ಬರೆಯಲಾಗಿತ್ತು. 'ಫ್ಯು ಎಕ್ರೀತ್': ಬರೆಯಲ್ಪಟ್ಟಿತು, ಇದು ಪುಸ್ತಕದ ಭೂತಕಾಲ. 'ಸರಾ ಎಕ್ರೀತ್': ಬರೆಯಲಾಗುವುದು. 'ಓರಾ ಎತೇ ಎಕ್ರೀತ್': ಅಷ್ಟರೊಳಗೆ ಬರೆದು ಮುಗಿದಿರುವುದು. 'ಸರೆ ಎಕ್ರೀತ್' ಎಂಬ ಇನ್ನೊಂದಿದೆ. ಅದರ ಅರ್ಥವನ್ನು ಈಗಲೇ ಹೇಳುವುದಿಲ್ಲ, ನನ್ನ ಕಥೆಯ ತೊಡಕೆಲ್ಲ ಅದರಲ್ಲಿಯೇ ಇದೆ. ಒಂದಲ್ಲ ಎರಡು ಕಾಗದಗಳಾದರೆ ಎತ್ರ್ ಬಹುವಚನಕ್ಕೆ ತಿರುಗುತ್ತದೆ. ಕೃದಂತದ ಬಾಲಕ್ಕೆ ಒಂದು ಸಕಾರ ಅಂಟುತ್ತದೆ. ಅದು ಬರವಣಿಗೆಗಷ್ಟೇ, ಉಚ್ಚಾರದಲ್ಲಿ ಇಲ್ಲ. ನಡುವೆ ಬರುವ 'ಎತೇ' ಮಾತ್ರ ಯಾವ ಲಿಂಗಕ್ಕೂ ಯಾವ ವಚನಕ್ಕೂ ಬಾಗುವುದಿಲ್ಲ.

ಸಂಸ್ಕೃತದ ಪರಿಚಯವಿರುವವರಿಗೆ ಇದು ಹೊಸತೆನಿಸದು. ಗ್ರಂಥೋ ಲಿಖಿತಃ, ಕಥಾ ಲಿಖಿತಾ, ಪತ್ರಂ ಲಿಖಿತಮ್. ಅಲ್ಲಿಯೂ ಕೃದಂತವು ಕರ್ಮಪದದ ಲಿಂಗವಚನಗಳನ್ನು ಹಿಂಬಾಲಿಸುತ್ತದೆ. ನಾನು ಇದನ್ನು ಹೇಳಿದಾಗ ಮೆಸ್ಯೂ ಅವರಿಗೆ ಬಹಳ ಸಂತೋಷವಾಯಿತು. "ಹಾಗಾದರೆ ನಿಮ್ಮವರು 'ಅವನು ಹೋದ' ಎಂಬುದನ್ನೂ ಹಾಗೆಯೇ ಹೇಳುತ್ತಾರಲ್ಲ?" ಎಂದು ಕೇಳಿದರು. ಹೌದು, 'ಸ ಗತಃ'. ಕೃದಂತ ಒಂದೇ ಬಗೆಯದು, ಅರ್ಥ ಮಾತ್ರ ಕರ್ತರಿ. ಚಲನೆಯ ಧಾತುಗಳಿಗೂ ಅಕರ್ಮಕಗಳಿಗೂ ಈ ಸವಲತ್ತು ಉಂಟೆಂದು ಪಾಣಿನಿಯು ಒಂದು ಸೂತ್ರವನ್ನೇ ಮಾಡಿದ್ದಾನೆ. ಹುಟ್ಟುವ ಧಾತುವನ್ನು ಅದರಲ್ಲಿ ಹೆಸರಿಸಿಯೇ ಸೇರಿಸಿದ್ದಾನೆ. ಫ್ರೆಂಚಿನಲ್ಲಿಯೂ ಹೋಗು, ಬರು, ಬೀಳು, ಹುಟ್ಟು, ಸಾಯು ಮೊದಲಾದ ಕೆಲವು ಧಾತುಗಳು ತಮ್ಮ ಭೂತಕಾಲಕ್ಕೆ ಎತ್ರ್ ಅನ್ನೇ ಸಹಾಯಕ್ಕೆ ಕರೆಯುತ್ತವೆ. ಆದುದರಿಂದ 'ಎಲ್ ಎ ವೆನ್ಯು' ಎಂಬುದೂ 'ಎಲ್ ಎ ಎಮೇ' ಎಂಬುದೂ ಕಣ್ಣಿಗೆ ಒಂದೇ ಅಚ್ಚಿನವು. ಮೊದಲನೆಯದು 'ಅವಳು ಬಂದಳು': ಕರ್ತರಿ, ಭೂತ. ಎರಡನೆಯದು 'ಅವಳನ್ನು ಪ್ರೀತಿಸುತ್ತಾರೆ': ಕರ್ಮಣಿ, ವರ್ತಮಾನ. ಯಾವುದು ಯಾವುದೆಂದು ತಿಳಿಯಬೇಕಾದರೆ ಧಾತುವಿನ ಸ್ವಭಾವ ಗೊತ್ತಿರಬೇಕು, ಬೇರೆ ಗುರುತಿಲ್ಲ. ಈ ಸಂಗತಿಯನ್ನು ತಾವು ಸ್ವಲ್ಪ ನೆನಪಿನಲ್ಲಿಡಬೇಕು. ಇದು ಬರಿಯ ವ್ಯಾಕರಣದ ಚಮತ್ಕಾರವೆಂದು ಆಗ ನನಗೆ ತೋರಿತ್ತು. ಮೂವತ್ತು ವರ್ಷಗಳ ಮೇಲೆ ಪ್ಯಾರಿಸಿನ ಒಂದು ಗೋಡೆಯ ಮುಂದೆ ಇದೇ ಸಂಗತಿ ನನ್ನನ್ನು ನಿಲ್ಲಿಸಿತು.

ಇನ್ನೊಂದು ತೊಡಕು ಬಾಗಿಲಿನದು. 'ಲಾ ಪೋರ್ತ್ ಎ ಫೆರ್ಮೇ' ಎಂದರೆ ಬಾಗಿಲು ಹಾಕಲ್ಪಡುತ್ತದೆ ಎಂದು ವ್ಯಾಕರಣ ಹೇಳುತ್ತದೆ. ಕೇಳಿದ ಫ್ರೆಂಚರು ತಿಳಿಯುವುದು ಹಾಗಲ್ಲ, 'ಬಾಗಿಲು ಹಾಕಿದೆ' ಎಂದು. ಯಾರೋ ಯಾವಾಗಲೋ ಹಾಕಿದ್ದಾರೆ. ಈಗ ಕಾಣುವುದು ಅದರ ಫಲ. ಕಾವಲುಗಾರನಿಂದ ದಿನವೂ ಸಂಜೆ ಆರಕ್ಕೆ ಎಂದು ಸೇರಿಸಿದರೆ ಮಾತ್ರ ಅದೇ ಮಾತಿಗೆ ಚಲನೆ ಬರುತ್ತದೆ. ನಮ್ಮ ಕನ್ನಡದ 'ಬಾಗಿಲು ಹಾಕಿದೆ' ಎಂಬ ವಾಕ್ಯ ಎಷ್ಟು ಅಚ್ಚುಕಟ್ಟಾದುದೆಂದು ನನಗೆ ಹೊಳೆದದ್ದು ಆಗಲೇ. ಹಾಕಿದವನು ಇಲ್ಲ, ಪಡು ಎಂಬ ಧಾತು ಇಲ್ಲ. ಆದರೂ ಅದು ಕರ್ಮಣಿಯ ಕೆಲಸವನ್ನೇ ಮಾಡುತ್ತದೆ. 'ಊಟಕ್ಕೆ ಬಡಿಸಿದೆ', 'ಗೋಡೆಗೆ ಸುಣ್ಣ ಬಳಿದಿದೆ' ಎನ್ನುವ ನಮ್ಮ ಮನೆಯ ಹೆಂಗಸರು ಯಾವ ವೈದ್ಯರನ್ನೂ ಕಾಣಬೇಕಾಗಿಲ್ಲ.

ಕರ್ತೃವನ್ನು ಹೇಳಲೇಬೇಕಾದರೆ ಫ್ರೆಂಚರು 'ಪಾರ್' ಎಂಬ ಅವ್ಯಯವನ್ನು ಬಳಸುತ್ತಾರೆ. ನಮ್ಮ 'ಇಂದ' ಇದ್ದಂತೆ. ಪ್ರೀತಿ, ಗೌರವ ಮುಂತಾದ ಮನಸ್ಸಿನ ಸ್ಥಿತಿಗಳಿದ್ದಲ್ಲಿ, ಹಿಮದಿಂದ ಮುಚ್ಚಿದ ಬೆಟ್ಟ ಎಂಬಂಥ ಕಡೆಗಳಲ್ಲಿ 'ಪಾರ್' ಸರಿದು 'ದ' ಬರುವುದುಂಟು. ಹೇಳಬೇಕಾಗಿಲ್ಲವಾದರೆ ಕರ್ಮಣಿಯ ಗೋಜಿಗೇ ಹೋಗದೆ 'ಓಂ' ಎಂಬ ಸರ್ವನಾಮವನ್ನು ಕರ್ತೃವಾಗಿ ಕೂರಿಸಿ ಕರ್ತರಿಯಲ್ಲಿಯೇ ಮುಗಿಸುತ್ತಾರೆ. ಮನುಷ್ಯ ಎಂಬರ್ಥದ ಲ್ಯಾಟಿನ್ ಶಬ್ದ ಸವೆದು ಸವೆದು ಈ ಓಂ ಆಗಿದೆ. ನಮ್ಮ ಪ್ರಣವಕ್ಕೂ ಇದಕ್ಕೂ ಸಂಬಂಧವಿಲ್ಲ. 'ಓಂ ಮಾ ದಿ' ಎಂದರೆ ನನಗೆ ಹೇಳಿದರು. ಯಾರು? ಯಾರೋ. ಇಂಗ್ಲಿಷಿನವನು ಇಂಥಲ್ಲಿ 'ನಾನು ಹೇಳಲ್ಪಟ್ಟೆನು' ಎಂಬ ಅಚ್ಚಿನ ವಾಕ್ಯ ಮಾಡುತ್ತಾನೆ. ಫ್ರೆಂಚಿನಲ್ಲಿ ಅದು ಸಲ್ಲದು, ಏಕೆಂದರೆ 'ನನಗೆ' ಎಂಬುದು ಅಲ್ಲಿ ಕರ್ಮವಲ್ಲ, ಸಂಪ್ರದಾನ. ಈ ವಿಷಯದಲ್ಲಿ ಕನ್ನಡದ ಕಿವಿಯೂ ಫ್ರೆಂಚಿನ ಕಿವಿಯೂ ಒಂದೇ.

ಇನ್ನು ಕಾಗದದ ಕಥೆ.

ನಾನು ಫ್ರೆಂಚ್ ಕಲಿಯುತ್ತಿದ್ದೇನೆಂಬುದು ಬೀದಿಯಲ್ಲಿ ತಿಳಿದಿತ್ತು. ಒಂದು ಬೆಳಿಗ್ಗೆ ಹೋಟೆಲಿನ ಗಲ್ಲಾದ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ವಯಸ್ಸು ಐವತ್ತೈದರ ಸುಮಾರು. ಅವರ ಗಂಡ ಇಂಡೋಚೀನಾದಲ್ಲಿ ಫ್ರೆಂಚರ ಪರವಾಗಿ ಕಾದಿದ ಸೋಲ್ದಾ. ಹಿಂದಿನ ವರ್ಷ ತೀರಿಕೊಂಡಿದ್ದರು. ವಿಧವೆಗೆ ಸಲ್ಲಬೇಕಾದ ಪಿಂಚಣಿಗಾಗಿ ಅರ್ಜಿ ಹೋಗಿತ್ತು. ಗಂಡನ ಜೊತೆಗೆ ದುಡಿದಿದ್ದ ಒಬ್ಬ ಫ್ರೆಂಚ್ ಸಿಪಾಯಿ ತನ್ನ ದೇಶದಲ್ಲಿ ವಿಚಾರಿಸಿ ಒಂದು ಕಾಗದ ಬರೆದಿದ್ದ. "ತಂಬಿ, ಇದರಲ್ಲಿ ಏನಿದೆ, ಸ್ವಲ್ಪ ಓದಿ ಹೇಳಪ್ಪ" ಎಂದರು.

ಕ್ಷೇಮಸಮಾಚಾರ, ಹವೆಯ ವಿಷಯ, ಹಳೆಯ ಗೆಳೆಯನ ನೆನಪು ಎಲ್ಲವನ್ನೂ ತಡವರಿಸುತ್ತ ಓದಿದೆ. ನಡುವೆ ಬಂದದ್ದು ಈ ಮಾತು: 'ಲಾ ಪಾಂಸಿಯೋಂ ಸರೆ ಆಕೋರ್ದೇ'. ಪಿಂಚಣಿ ಸ್ತ್ರೀಲಿಂಗ, ಕೃದಂತ ಸ್ತ್ರೀಲಿಂಗ, ಎತ್ರ್ ಧಾತು, ಕರ್ಮಣಿ. ಎಲ್ಲವೂ ಜಗಲಿಯ ಪಾಠದಲ್ಲಿ ಕಂಡಂತೆಯೇ ಇತ್ತು. ಇಪ್ಪತ್ತೆರಡು ವರ್ಷದ ನನಗೆ ಹೆಮ್ಮೆಯಾಯಿತು. 'ಸರಾ' ಎಂದರೆ ಭವಿಷ್ಯತ್ತೆಂದು ಗೊತ್ತಿತ್ತು; 'ಸರೆ' ಎಂಬುದೂ ಅದರ ಬಳಗವೇ ಇರಬೇಕೆಂದುಕೊಂಡೆ. "ಅಮ್ಮಾ, ಪಿಂಚಣಿ ಕೊಡಲಾಗುವುದು ಎಂದು ಬರೆದಿದ್ದಾರೆ" ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ. ಆಕೆ ಎರಡೂ ಕೈಯೆತ್ತಿ ನಮಸ್ಕಾರ ಮಾಡಿ ಹೋದರು. ನನಗಲ್ಲ, ಗೋಡೆಯ ಮೇಲಿದ್ದ ದೇವರ ಪಟಕ್ಕೆ.

'ಸರೆ' ಭವಿಷ್ಯತ್ತಲ್ಲ. ಭವಿಷ್ಯತ್ತಿನ ಅಂಗಕ್ಕೆ ಭೂತಕಾಲದ ಪ್ರತ್ಯಯ ಹಚ್ಚಿ ಮಾಡಿದ ಒಂದು ರೂಪ ಅದು. ಇಂಥದು ನಡೆದರೆ ಇಂಥದು ಆದೀತು ಎಂಬ ಕಡೆ ಬರುತ್ತದೆ. ಅದಕ್ಕೆ ಇನ್ನೊಂದು ಕೆಲಸವೂ ಉಂಟು. ತಾನು ಕಣ್ಣಾರೆ ಕಾಣದುದನ್ನು, ಇನ್ನೊಬ್ಬರ ಬಾಯಿಂದ ಕೇಳಿದುದನ್ನು, ಹೊಣೆ ಹೊರಲು ಸಿದ್ಧವಿಲ್ಲದುದನ್ನು ಫ್ರೆಂಚರು ಈ ರೂಪದಲ್ಲಿ ಹೇಳುತ್ತಾರೆ. ಅವರ ಪತ್ರಿಕೆಗಳಲ್ಲಿ ಇದು ದಿನವೂ ಕಾಣಸಿಗುತ್ತದೆ. ಮಂತ್ರಿಯೊಬ್ಬನ ರಾಜೀನಾಮೆ 'ಸರೆ' ಎಂಬುದರೊಂದಿಗೆ ಬಂದರೆ ಸುದ್ದಿ ಇನ್ನೂ ಗಾಳಿಯಲ್ಲಿದೆ ಎಂದು ತಿಳಿಯಬೇಕು. 'ಆ ಎತೇ' ಬಂದರೆ ನೆಲಕ್ಕಿಳಿದಿದೆ ಎಂದು. ಇದಕ್ಕೆ ಕನ್ನಡದಲ್ಲಿ ಏನು ಹೇಳಬೇಕೆಂದು ನಾನು ಆಮೇಲೆ ಬಹಳ ಯೋಚಿಸಿದೆ. ಉತ್ತರ ನಮ್ಮ ಅಡುಗೆಮನೆಯಲ್ಲಿಯೇ ಇತ್ತು: 'ಅಂತೆ'. ಪಿಂಚಣಿ ಮಂಜೂರಾಗಿದೆಯಂತೆ. ತಮಿಳಿನವರು ಇದೇ ಕೆಲಸಕ್ಕೆ ಮಾತಿನ ಕೊನೆಗೆ ಒಂದು 'ಆಮ್' ಹಚ್ಚುತ್ತಾರೆ. ಕಛೇರಿಯ ಗುಮಾಸ್ತನೊಬ್ಬ ಆ ಸಿಪಾಯಿಯ ಕಿವಿಯಲ್ಲಿ ಏನೋ ಹೇಳಿದ್ದ. ಸಿಪಾಯಿ ಪ್ರಾಮಾಣಿಕನಾಗಿ ಅದನ್ನು 'ಅಂತೆ' ಎಂದೇ ಬರೆದಿದ್ದ. ಕನ್ನಡದಲ್ಲಿ ಎರಡಕ್ಷರ, ತಮಿಳಿನಲ್ಲಿ ಒಂದು ಉಸಿರು, ಫ್ರೆಂಚಿನಲ್ಲಿ ಒಂದು ಸ್ವರ. ಅದನ್ನು ನಾನು ನುಂಗಿಬಿಟ್ಟೆ.

ಆಕೆಯ ಮನೆಗೆ ನಾಡಹಂಚಿನ ಸೂರು. ಮಳೆಗಾಲಕ್ಕೆ ಮೊದಲು ಅದನ್ನು ತೆಗೆಸಿ ಹೊಸದಾಗಿ ಹೊದಿಸಬೇಕಾಗಿತ್ತು. ಬರುವ ಹಣದ ಭರವಸೆಯ ಮೇಲೆ ಬಳೆಗಳನ್ನು ಅಡವಿಟ್ಟು ಕೆಲಸ ಹಿಡಿಸಿದರು. ಒಂದು ತಿಂಗಳಾಯಿತು, ಮೂರಾಯಿತು, ಐದಾಯಿತು. ಹಣ ಬರಲಿಲ್ಲ, ಬಡ್ಡಿ ಬೆಳೆಯಿತು. ಈ ನಡುವೆ ಜಗಲಿಯ ಪಾಠ ಆ ರೂಪದವರೆಗೆ ಬಂತು. ಮೆಸ್ಯೂ ಅವರು ಅದರ ಅರ್ಥವನ್ನು ವಿವರಿಸುತ್ತಿದ್ದಂತೆ ನನ್ನ ಕೈಕಾಲು ತಣ್ಣಗಾದವು. ಪಾಠ ಮುಗಿದು ಉಳಿದವರು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಆಕೆಗೆ ಹೇಳಿದೆಯಾ?" ಎಂದರು. ಇಲ್ಲವೆಂದೆ. "ಮೊದಲು ಹೋಗಿ ಹೇಳಿ ಬಾ. ಉಳಿದ ಕಾಲಗಳು ಆಮೇಲೆ."

ಹೋದೆ. ಹೇಳಿದೆ. ನನ್ನ ತಪ್ಪನ್ನು ಒಪ್ಪಿಕೊಳ್ಳುವ ಆ ಗಳಿಗೆಯಲ್ಲಿಯೂ ನಾನು ಬಳಸಿದ್ದು 'ತಪ್ಪಾಗಿ ಹೇಳಲಾಯಿತು' ಎಂಬಂಥ ಮಾತನ್ನು. ಹೇಳಿದವನು ನಾನೆಂಬುದು ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ, "ಹೇಳಿದ್ದು ನೀನಲ್ಲವಾ ತಂಬಿ?" ಎಂದು ಮೆಲ್ಲಗೆ ಕೇಳಿದರು. ಕೋಪವಿರಲಿಲ್ಲ, ನಿಜವಾಗಿಯೂ ಸಂಶಯ ಬಂದು ಕೇಳಿದಂತಿತ್ತು.

ಕರ್ತೃವನ್ನು ಮರೆಮಾಡುವುದಕ್ಕೆಂದೇ ಕರ್ಮಣಿ ಹುಟ್ಟಿದೆ ಎಂದು ಎಷ್ಟೋ ಜನ ಹೇಳುತ್ತಾರೆ. ಸರಕಾರದ ಕಾಗದಗಳನ್ನು ಓದಿದವರಿಗೆ ಹಾಗೆನ್ನಿಸುವುದು ಸಹಜ. ಅಂದು ಆಕೆಯ ಮುಂದೆ ನಾನು ಮಾಡಿದ್ದೂ ಅದನ್ನೇ. ಆದರೆ ಇದು ಅರ್ಧ ಸತ್ಯವೆಂದು ನನಗೆ ತಿಳಿದದ್ದು ಬಹಳ ತಡವಾಗಿ, 2006ರಲ್ಲಿ, ಭಾಷಾಂತರದ ಒಂದು ಕೆಲಸದ ಮೇಲೆ ಕೆಲವು ವಾರ ಪ್ಯಾರಿಸಿನಲ್ಲಿದ್ದಾಗ.

ಆ ಊರಿನ ಗೋಡೆಗಳು ಓದುವವನಿಗೆ ಬಿಡುವು ಕೊಡುವುದಿಲ್ಲ. ಹೆಜ್ಜೆಗೊಂದು ಕಲ್ಲುಫಲಕ. 1944ರ ಆಗಸ್ಟಿನಲ್ಲಿ ನಗರ ಜರ್ಮನರಿಂದ ಬಿಡುಗಡೆಯಾದಾಗ ಬೀದಿಕಾಳಗದಲ್ಲಿ ಮಡಿದವರ ನೆನಪಿನವೇ ಎಷ್ಟೋ. ಅವುಗಳಲ್ಲಿ ಹೆಚ್ಚಿನವು 'ಇಲ್ಲಿ ಬಿದ್ದನು' ಎಂದು ತೊಡಗುತ್ತವೆ. ಎತ್ರ್ ಇದೆ, ಕೃದಂತವಿದೆ. ಆದರೆ ಅದು ಕರ್ಮಣಿಯಲ್ಲ. ಬೀಳು ಎಂಬುದು ನಾನು ಮೊದಲು ಹೇಳಿದ ಸವಲತ್ತಿನ ಧಾತುಗಳಲ್ಲಿ ಒಂದು. ಗುಂಡು ಹೊಡೆದವನು ಯಾರೋ, ಇವನು ಮಾತ್ರ ತಾನಾಗಿ ಬಿದ್ದನು. ಬೀಳುವುದೂ ಅವನದೇ ಒಂದು ಕ್ರಿಯೆ. 'ಫ್ರಾನ್ಸಿಗಾಗಿ ಮಡಿದವನು' ಎಂಬ ಅಧಿಕೃತ ಬಿರುದೊಂದಿದೆ. 1915ರ ಜುಲೈ 2ರ ಕಾನೂನು ಅದನ್ನು ಸ್ಥಾಪಿಸಿತು. ಅಲ್ಲಿಯೂ ಹಾಗೆಯೇ, ಕೊಲ್ಲಲ್ಪಟ್ಟವನಲ್ಲ, ಮಡಿದವನು. ವೀರನಿಗೆ ಕರ್ತರಿ ಪ್ರಯೋಗವೇ ಭೂಷಣವೆಂದು ಭಾಷೆ ತೀರ್ಮಾನಿಸಿದಂತಿದೆ. ನಮ್ಮ ವೀರಗಲ್ಲುಗಳಲ್ಲಿಯೂ ವೀರನು ಕಾದಿ ಸತ್ತು ಸ್ವರ್ಗಕ್ಕೆ ಹೋಗುವುದು ಕರ್ತರಿಯಲ್ಲಿಯೇ.

ಆದರೆ ನನ್ನನ್ನು ನಿಲ್ಲಿಸಿದ್ದು ಒಂದು ಪ್ರಾಥಮಿಕ ಶಾಲೆಯ ಬಾಗಿಲಿನ ಪಕ್ಕದ ಕಪ್ಪು ಫಲಕ. ಅಂಥವು ಪ್ಯಾರಿಸಿನ ಅನೇಕ ಶಾಲೆಗಳಲ್ಲಿವೆ. ಅದರ ವಾಕ್ಯ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ. ಮೊದಲ ಶಬ್ದವೇ ಕೃದಂತ: ಬಂಧಿತರಾದ. ಯಾರಿಂದ? ಪಾರ್ ಎಂಬ ಅವ್ಯಯ ಕೂಡಲೇ ಬರುತ್ತದೆ: ನಾಜಿ ಆಕ್ರಮಣಕಾರರಿಗೆ ಸಹಭಾಗಿಯಾದ ವಿಶಿ ಸರಕಾರದ ಪೋಲೀಸರಿಂದ. ಅನಂತರ ಕರ್ಮ: 11,000ಕ್ಕೂ ಹೆಚ್ಚು ಮಕ್ಕಳು. ಅನಂತರ ಕ್ರಿಯೆ: 1942ರಿಂದ 1944ರವರೆಗೆ ಫ್ರಾನ್ಸಿನಿಂದ ಸಾಗಿಸಲ್ಪಟ್ಟರು, ಆಶ್ವಿಟ್ಸಿನಲ್ಲಿ ಕೊಲ್ಲಲ್ಪಟ್ಟರು. ಏಕೆಂದರೆ ಅವರು ಯೆಹೂದ್ಯರಾಗಿ ಹುಟ್ಟಿದ್ದರು.

'ಸಾಗಿಸಲ್ಪಟ್ಟರು' ಎಂಬಲ್ಲಿ ಬಳಸಿರುವುದು 'ಫ್ಯುರ್', ಅಂದರೆ 'ಫ್ಯು' ಎಂಬುದರ ಬಹುವಚನ. ಇದನ್ನು ಫ್ರೆಂಚರು ಮಾತಿನಲ್ಲಿ ಬಳಸುವುದಿಲ್ಲ. ಎಮಿಲ್ ಬೆನ್‌ವೆನಿಸ್ತ್ ಎಂಬ ಭಾಷಾವಿಜ್ಞಾನಿ 1959ರ ಒಂದು ಲೇಖನದಲ್ಲಿ ಈ ಎರಡು ಭೂತಗಳ ವ್ಯತ್ಯಾಸವನ್ನು ತೋರಿಸಿದರು. ಒಂದು ಚರಿತ್ರೆಯ ಭೂತ. ಅಲ್ಲಿ ಹೇಳುವವನು ಕಾಣಿಸಿಕೊಳ್ಳುವುದಿಲ್ಲ, ಘಟನೆಗಳು ತಾವಾಗಿಯೇ ತಮ್ಮನ್ನು ಹೇಳಿಕೊಳ್ಳುತ್ತಿರುವಂತೆ ತೋರುತ್ತದೆ. ಇನ್ನೊಂದು ಮಾತಿನ ಭೂತ. ಅದು ಆಗಿಹೋದುದನ್ನು ಹೇಳುವವನ ಇಂದಿಗೆ ಕಟ್ಟುತ್ತದೆ. ಕಲ್ಲಿನ ಮೇಲೆ ಕೆತ್ತುವವರು ಮೊದಲನೆಯದನ್ನು ಆರಿಸಿಕೊಂಡದ್ದು ಸಹಜವೇ.

ಎರಡನೆಯದರ ಬಲವನ್ನು ಕಾಣಬೇಕಾದರೆ 1995ರ ಜುಲೈ 16ನ್ನು ನೆನೆಯಬೇಕು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸಿನಲ್ಲಿಯೂ ಅದರ ಸುತ್ತಲೂ 13,152 ಮಂದಿ ಯೆಹೂದ್ಯರನ್ನು ಹಿಡಿದರು. ಅವರಲ್ಲಿ 4,115 ಮಕ್ಕಳು. ಮಕ್ಕಳಿದ್ದ ಸಂಸಾರಗಳನ್ನು ಸೈಕಲ್ ಪಂದ್ಯಗಳು ನಡೆಯುತ್ತಿದ್ದ ಒಂದು ದೊಡ್ಡ ಕಟ್ಟಡದಲ್ಲಿ ತುಂಬಿದರು. ಹಿಡಿದವರು ಫ್ರೆಂಚ್ ಪೋಲೀಸರು. ಯುದ್ಧಾನಂತರದ ಅರ್ಧ ಶತಮಾನ ಫ್ರಾನ್ಸಿನ ಅಧ್ಯಕ್ಷರು ಈ 'ಪಾರ್' ಅನ್ನು ಉಚ್ಚರಿಸಲಿಲ್ಲ. ವಿಶಿ ಸರಕಾರವೆಂಬುದು ಗಣರಾಜ್ಯವಲ್ಲ, ಅದರ ಪಾಪಕ್ಕೆ ಗಣರಾಜ್ಯ ಹೊಣೆಯಲ್ಲ ಎಂಬುದು ಅವರ ನಿಲುವು. ಜಾಕ್ ಶಿರಾಕ್ ಅಧ್ಯಕ್ಷರಾದ ಎರಡು ತಿಂಗಳಿಗೆ ಆ ದುರಂತದ ವಾರ್ಷಿಕ ಸ್ಮರಣೆಯಲ್ಲಿ ಮಾತನಾಡಿದರು. ಆಕ್ರಮಣಕಾರನ ಹುಚ್ಚಿಗೆ ನೆರವು ಕೊಡಲಾಗಿದೆ ಎಂದು ಕರ್ಮಣಿಯಲ್ಲಿ ಹೇಳಿದರು. ಕಾಲ 'ಆ ಎತೇ', ಮಾತಿನ ಭೂತ. ವಾಕ್ಯ ಅಲ್ಲಿಗೇ ನಿಂತಿದ್ದರೆ ಅದು ಎಲ್ಲ ಸರಕಾರಗಳ ವಾಕ್ಯದಂತೆ ಇರುತ್ತಿತ್ತು. ನಿಲ್ಲಲಿಲ್ಲ. ಪಾರ್ ಬಂತು: ಫ್ರೆಂಚರಿಂದ. ಮತ್ತೊಮ್ಮೆ ಪಾರ್: ಫ್ರೆಂಚ್ ಪ್ರಭುತ್ವದಿಂದ. ಕರ್ತರಿಯಲ್ಲಿ ಹೇಳಿದ್ದರೆ ಕರ್ತೃ ವಾಕ್ಯದ ಬಾಗಿಲಲ್ಲಿಯೇ ಬಂದು ಹೋಗುತ್ತಿದ್ದ. ಕರ್ಮಣಿಯಲ್ಲಿ ಅವನು ಕಟ್ಟಕಡೆಗೆ ಬಂದ, ಎಲ್ಲರೂ ಕಾದಿದ್ದ ಜಾಗದಲ್ಲಿ ಬಂದು ನಿಂತ. ಕರ್ತೃವನ್ನು ಮರೆಮಾಡುವ ಪ್ರಯೋಗವೇ ಅವನನ್ನು ಹಿಡಿದು ತಂದು ನಿಲ್ಲಿಸಲೂ ಬಲ್ಲದೆಂದು ನನಗೆ ಅದನ್ನು ಓದಿದಾಗ ಅನ್ನಿಸಿತು.

ಮತ್ತೆ ಆ ಶಾಲೆಯ ಫಲಕಕ್ಕೆ ಬರುತ್ತೇನೆ. ಅದರ ಕೊನೆಯ ಮಾತು 'ಹುಟ್ಟಿದ್ದರು'. ಫ್ರೆಂಚಿನಲ್ಲಿ ಅದೂ ಎತ್ರ್ ಜೊತೆಗಿನ ಕೃದಂತವೇ. ಒಂದೇ ವಾಕ್ಯದಲ್ಲಿ, ಒಂದೇ ಅಚ್ಚಿನಲ್ಲಿ, ಮಕ್ಕಳು ಸಾಗಿಸಲ್ಪಟ್ಟದ್ದೂ ಇದೆ, ಹುಟ್ಟಿದ್ದೂ ಇದೆ. ಸಾಗಿಸಲ್ಪಟ್ಟದ್ದು ಕರ್ಮಣಿ, ಹುಟ್ಟಿದ್ದು ಕರ್ತರಿ. ಆ ಇಡೀ ವಾಕ್ಯದಲ್ಲಿ ಮಕ್ಕಳು ತಾವಾಗಿ ಮಾಡಿದ ಕ್ರಿಯೆ ಅದೊಂದೇ.

ಅಂದು ರಾತ್ರಿ ಕೋಣೆಗೆ ಬಂದು ಆ ವಾಕ್ಯವನ್ನು ಕನ್ನಡಕ್ಕೆ ತರಲು ಕುಳಿತೆ. ಮೊದಲು ನಮ್ಮ ಪತ್ರಿಕೆಗಳ ಕನ್ನಡ ಬಂತು: ಮಕ್ಕಳನ್ನು ಬಂಧಿಸಲಾಯಿತು, ಸಾಗಿಸಲಾಯಿತು, ಕೊಲ್ಲಲಾಯಿತು. ತಪ್ಪೇನೂ ಇರಲಿಲ್ಲ. ಆದರೆ ಮಕ್ಕಳು ದ್ವಿತೀಯಾ ವಿಭಕ್ತಿಗೆ ಸರಿದಿದ್ದರು. 'ಲಾಯಿತು' ಎಂಬ ಕ್ರಿಯಾಪದಕ್ಕೆ ಅವರ ಸಂಖ್ಯೆಯೂ ಬೇಡ, ಅವರು ಮನುಷ್ಯರೆಂಬುದೂ ಬೇಡ. ಗೋಣಿಚೀಲಗಳನ್ನೂ ಸಾಗಿಸಲಾಯಿತು, ಮಕ್ಕಳನ್ನೂ ಸಾಗಿಸಲಾಯಿತು. ಅದನ್ನು ಹೊಡೆದುಹಾಕಿ 'ಮಕ್ಕಳು ಸಾಗಿಸಲ್ಪಟ್ಟರು' ಎಂದು ಬರೆದೆ. ಮಕ್ಕಳು ಪ್ರಥಮಾ ವಿಭಕ್ತಿಗೆ ಮರಳಿದರು. ಕ್ರಿಯಾಪದ ಅವರ ಬಹುವಚನಕ್ಕೆ ಬಾಗಿತು. ಫ್ರೆಂಚಿನ ಕರ್ಮಣಿ 'ಇರು' ಎಂಬ ಧಾತುವಿನ ಮೇಲೆ ನಿಂತಿದೆ. ನಮ್ಮದು ನಿಂತಿರುವುದು 'ಪಡು' ಎಂಬುದರ ಮೇಲೆ. ಕಷ್ಟಪಡು, ನೋವುಪಡು ಎಂಬಲ್ಲಿರುವ ಪಡು ಅದೇ. ನಾವು ನಕ್ಕ ಆ ಪ್ರಯೋಗದ ಬಗೆಗೆ ಪಂಡಿತರೊಡನೆ ಇನ್ನೊಮ್ಮೆ ಮಾತನಾಡಬೇಕೆನಿಸಿತು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು.

ಪಾಂಡಿಚೇರಿಯ ಕಾಗದದ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಬಡ್ಡಿಯಲ್ಲಿ ನನ್ನ ಪಾಲೆಂದು ಪ್ರತಿ ತಿಂಗಳೂ ಸಂಬಳದಲ್ಲಿ ಸ್ವಲ್ಪ ತೆಗೆದುಕೊಂಡು ಹೋಗಿ ಆಕೆಗೆ ಕೊಡುತ್ತಿದ್ದೆ. ಮೊದಲೆರಡು ಸಲ ಬೇಡವೆಂದರು, ಆಮೇಲೆ ತೆಗೆದುಕೊಂಡರು. ಮಾರನೆಯ ವರ್ಷ ಫೆಬ್ರವರಿಯಲ್ಲಿ ಇನ್ನೊಂದು ಕಾಗದ ಬಂತು, ಈ ಸಲ ಕಛೇರಿಯಿಂದಲೇ, ಬೆರಳಚ್ಚಿನಲ್ಲಿ. ಅದನ್ನು ಮೆಸ್ಯೂ ಅವರ ಹತ್ತಿರ ಒಯ್ಯಬಹುದಾಗಿತ್ತು. ಆಕೆ ನನ್ನ ಗಲ್ಲಾದ ಮುಂದೆಯೇ ಬಂದು ನಿಂತರು. ನಾನು ಎರಡು ಸಲ ಮನಸ್ಸಿನಲ್ಲಿಯೇ ಓದಿಕೊಂಡೆ. 'ಆ ಎತೇ ಆಕೋರ್ದೇ'.

"ಅಮ್ಮಾ, ಪಿಂಚಣಿ ಮಂಜೂರಾಗಿದೆ" ಎಂದೆ.

ಆಕೆ ದೇವರ ಪಟದ ಕಡೆಗೆ ತಿರುಗಲಿಲ್ಲ. ಕಾಗದದ ಮೇಲೆ ನನ್ನ ಬೆರಳಿದ್ದ ಜಾಗವನ್ನೇ ನೋಡುತ್ತ ಕೇಳಿದರು: "ಆಗಿದೆಯಾ ತಂಬಿ, ಆಗಿದೆಯಂತೆಯಾ?"